ಮೋಟಾರು ಸೈಕಲ್ಲಿನ ಫೋರ್ಕಿನ ಎಣ್ಣೆ: ಅದರ ಸ್ನಿಗ್ಧತೆಯ ವಿಚಾರ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಸೀಮೆಯಲ್ಲಿ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಎಂಬ ನಾಲ್ಕು ಪ್ರದೇಶಗಳುಂಟು. ಇವುಗಳಲ್ಲಿ ಹಳಿಯಾಳವೂ ಮುಂಡಗೋಡವೂ ಧಾರವಾಡದ ಬಯಲಿಗೆ ಅಂಟಿಕೊಂಡಿರುವುವು. ಭತ್ತ, ಗೋವಿನಜೋಳ, ಕಬ್ಬುಗಳ ಹೊಲಗದ್ದೆಗಳ ನಡುವೆ ಅಲ್ಲಿನ ರಸ್ತೆಗಳು ಬಹುಮಟ್ಟಿಗೆ ನೇರವಾಗಿ ಸಾಗುವುವು. ಎರಡಕ್ಕೂ ನಡುವೆ ಯಲ್ಲಾಪುರ ತಾಲ್ಲೂಕು ಬಂದಿದ್ದರೂ ರಸ್ತೆಯ ಗುಣದಲ್ಲಿ ಇವು ಒಂದೇ ಜಾತಿಗೆ ಸೇರಿದುವು. ಮೊದಲು ಹಳಿಯಾಳ ತಾಲ್ಲೂಕಿನೊಳಗಿದ್ದು ಈಚೆಗೆ ತಾನೇ ತಾಲ್ಲೂಕಾದ ದಾಂಡೇಲಿಯು ಕಾಳಿಯ ದಂಡೆಯಲ್ಲಿರುವುದು. ಅದನ್ನು ದಾಟಿ ಪಶ್ಚಿಮಕ್ಕೆ ಹೋದರೆ ಜೋಯಿಡಾದ ಕಾಡುಗುಡ್ಡಗಳು. ಈ ತಾಲ್ಲೂಕಿಗೆ ಹಿಂದೆ ಸೂಪಾ ಎಂದು ಹೆಸರು. ಆ ಊರು ಕಾಳಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿಹೋಗಿ, ಹೆಸರು ಮಾತ್ರ ಅಣೆಕಟ್ಟಿಗೆ ಉಳಿಯಿತು. ಮುಂಜಾನೆ ಹಳಿಯಾಳದಿಂದ ಹೊರಟ ಸವಾರನು ದಾಂಡೇಲಿ, ಜೋಯಿಡಾ, ಕುಂಬಾರವಾಡಾಗಳನ್ನು ಹಾಯ್ದು, ಅಣಶಿಯ ಘಟ್ಟವನ್ನಿಳಿದು, ಮಧ್ಯಾಹ್ನದೊಳಗೆ ಕದ್ರಾದ ಸೆಖೆಗೆ ಮುಟ್ಟಬಲ್ಲನು. ಒಂದೇ ದಿನದಲ್ಲಿ ಒಂದೇ ಗಾಡಿಯ ಮುಂಗಾಲಿಯು ಇಷ್ಟು ಬಗೆಯ ನೆಲವನ್ನೂ ಹವೆಯನ್ನೂ ಕಾಣುವ ಪ್ರದೇಶಗಳು ನಾಡಿನಲ್ಲಿ ಹೆಚ್ಚಿಲ್ಲ.

ಇಂಥ ಸೀಮೆಯ ಸವಾರರು ರಿಪೇರಿಯ ಅಂಗಡಿಯಲ್ಲಿ ಮೇಲಿಂದ ಮೇಲೆ ಕೇಳುವ ಪ್ರಶ್ನೆಯೊಂದುಂಟು: ಫೋರ್ಕಿಗೆ ಎಷ್ಟನೆಯ ನಂಬರಿನ ಆಯಿಲ್ ಹಾಕಬೇಕು? ದೊರೆಯುವ ಉತ್ತರವೂ ಬಹುಮಟ್ಟಿಗೆ ಒಂದೇ: ರಸ್ತೆ ಕೆಟ್ಟಿದೆ, ಆದ್ದರಿಂದ ದಪ್ಪನೆಯದನ್ನು ಹಾಕಿರಿ. ಈ ಉತ್ತರದಲ್ಲಿ ಅರ್ಧ ನಿಜವಿದೆ. ಉಳಿದರ್ಧವು ಮಳೆಗಾಲದ ಇಳಿಜಾರಿನಲ್ಲಿ ಮುಂಗಾಲಿಯ ಹಿಡಿತವನ್ನೇ ಕಳೆಯಬಲ್ಲುದಾದುದರಿಂದ, ಎಣ್ಣೆಯು ಫೋರ್ಕಿನಲ್ಲಿ ಮಾಡುವ ಕೆಲಸವೇನು, ಮಾಡಲಾರದ ಕೆಲಸವೇನು ಎಂಬುದನ್ನು ವಿವೇಚಿಸುವುದು ಯುಕ್ತವಾಗಿದೆ.

ಫೋರ್ಕೆಂದರೆ ಒಂದರೊಳಗೊಂದು ಜಾರುವ ಕೊಳವೆಗಳ ಜೋಡಿ. ಹಿಡಿಯ ಕಡೆಯಿಂದ ಇಳಿದುಬಂದ ಒಳಗೊಳವೆಯು ಗಾಲಿಯ ಅಚ್ಚಿಗೆ ಬಿಗಿದ ಹೊರಗೊಳವೆಯೊಳಗೆ ಮೇಲುಕೆಳಗಾಗಿ ಚಲಿಸುವುದು. ಒಳಗೆ ಉದ್ದನೆಯ ಸ್ಪ್ರಿಂಗೊಂದು ಭಾರವನ್ನು ಹೊತ್ತಿರುವುದು. ಗಾಲಿಯು ಕಲ್ಲನ್ನೇರಿದಾಗ ಸ್ಪ್ರಿಂಗು ಕುಗ್ಗಿ, ಕಲ್ಲು ದಾಟಿದೊಡನೆ ಹಿಗ್ಗುವುದು. ತಡೆಯುವವರಿಲ್ಲದಿದ್ದರೆ ಹಾಗೆಯೇ ಹಲವು ಸಲ ಕುಣಿಯುವುದು. ಆ ಕುಣಿತವನ್ನಡಗಿಸುವುದಕ್ಕೆ ಅವಮಂದನವೆಂದು ಹೆಸರು. ಸಾಮಾನ್ಯ ಗಾಡಿಗಳಲ್ಲಿ ಹೊರಗೊಳವೆಯ ತಳಕ್ಕೆ ನಿಲ್ಲಿಸಿದ ಪೊಳ್ಳು ಸರಳೊಂದು ಈ ಕೆಲಸವನ್ನು ಮಾಡುವುದು. ಫೋರ್ಕು ಕುಗ್ಗುವಾಗ ಎಣ್ಣೆಯು ಸರಳಿನ ಕೆಳಭಾಗದ ದೊಡ್ಡ ತೂತುಗಳಲ್ಲಿ ಸುಲಭವಾಗಿ ಹಾಯುವುದು. ಹಿಗ್ಗುವಾಗ ಮೇಲ್ಭಾಗದ ಸಣ್ಣ ತೂತಿನಲ್ಲಿ ಕಷ್ಟದಿಂದ ನುಸುಳುವುದು. ಕುಗ್ಗುವುದಕ್ಕೆ ಅಲ್ಪ ತಡೆ, ಹಿಗ್ಗುವುದಕ್ಕೆ ಅಧಿಕ ತಡೆ: ಇದೇ ಇಡಿಯ ಯಂತ್ರದ ಮರ್ಮ. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಯು 1935ರಲ್ಲಿ ತನ್ನ ಆರ್-12 ಎಂಬ ಗಾಡಿಗೆ ಎಣ್ಣೆಯ ತಡೆಯುಳ್ಳ ಇಂಥ ಫೋರ್ಕನ್ನು ಕೂಡಿಸಿ ಮಾರಾಟಕ್ಕೆ ತಂದಿತು. ಕನ್ನಡ ನಾಡಿನಲ್ಲಿಯೇ ತಯಾರಾಗುತ್ತಿದ್ದ ಜಾವಾ ಗಾಡಿಗಳೂ ಆ ಸಂತತಿಗೆ ಸೇರಿದವು; ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಕೆಲಸವನ್ನಾರಂಭಿಸಿ, 1973ರಿಂದ ಯೆಜ್ದಿ ಎಂಬ ಹೆಸರಿನಲ್ಲಿ ಗಾಡಿಗಳನ್ನು ಹೊರಡಿಸಿ, 1996ರಲ್ಲಿ ಮುಚ್ಚಿತು.

ಇಷ್ಟರಿಂದಲೇ ಒಂದು ಸಂಗತಿಯು ಸ್ಪಷ್ಟವಾಗಬೇಕು. ಎಣ್ಣೆಯು ಭಾರವನ್ನು ಹೊರುವುದಿಲ್ಲ. ಕೊಳವೆಗಳು ಚಲಿಸುತ್ತಿರುವಾಗ ಮಾತ್ರ ಅದು ತಡೆಯೊಡ್ಡುವುದು. ಚಲನೆ ನಿಂತ ಕ್ಷಣದಲ್ಲಿ ಅದರ ಪ್ರಭಾವವೂ ನಿಲ್ಲುವುದು. ನಿಂತ ಭಾರವನ್ನು ಹೊರುವುದು ಸ್ಪ್ರಿಂಗು, ಮತ್ತು ಅದಕ್ಕೆ ಸಹಾಯಕವಾಗಿ ಎಣ್ಣೆಯ ಮೇಲೆ ಸಿಕ್ಕಿಬಿದ್ದ ಗಾಳಿ. “ಬ್ರೇಕು ಹಿಡಿದರೆ ಮುಂದುಗಡೆ ಕುಸಿಯುತ್ತದೆ, ಆಯಿಲ್ ದಪ್ಪ ಮಾಡಿ” ಎಂದು ಕೇಳುವವರು ಈ ಭೇದವನ್ನು ಗಮನಿಸಿರುವುದಿಲ್ಲ.

ಅಣಶಿಯ ಇಳುಕಲನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಗಾಡಿ, ಸವಾರ, ಹಿಂಬದಿಯವನು, ಚೀಲ ಎಲ್ಲವೂ ಸೇರಿ 300 ಕಿಲೋಗ್ರಾಂ ಎಂದೂ, ಎರಡು ಅಚ್ಚುಗಳ ನಡುವಣ ದೂರ 1,300 ಮಿಲಿಮೀಟರು, ಭಾರಕೇಂದ್ರದ ಎತ್ತರ 650 ಮಿಲಿಮೀಟರು ಎಂದೂ ಭಾವಿಸೋಣ. ಹದಿನೈದಕ್ಕೆ ಒಂದರಂತೆ ಇಳಿಜಾರಿದ್ದರೆ ಅದೊಂದರಿಂದಲೇ ಸುಮಾರು 10 ಕಿಲೋಗ್ರಾಂ ಭಾರವು ಹಿಂಗಾಲಿಯಿಂದ ಮುಂಗಾಲಿಗೆ ಸರಿಯುವುದು. ಅದರ ಮೇಲೆ ಗುರುತ್ವದ ಹತ್ತರಲ್ಲಿ ಮೂರು ಪಾಲಿನಷ್ಟು ವೇಗಕ್ಷಯವಾಗುವಂತೆ ಬ್ರೇಕು ಹಿಡಿದರೆ ಇನ್ನೂ 45 ಕಿಲೋಗ್ರಾಂ ಸರಿಯುವುದು. ಎರಡೂ ಸ್ಪ್ರಿಂಗುಗಳು ಕೂಡಿ ಒಂದು ಮಿಲಿಮೀಟರು ಕುಗ್ಗುವುದಕ್ಕೆ ಒಂದು ಕಿಲೋಗ್ರಾಂ ಬೇಕಾಗುವುದಾದರೆ, ಗಾಳಿಯ ಒತ್ತಡವನ್ನು ಬದಿಗಿಟ್ಟು ನೋಡಿದಾಗ, ಫೋರ್ಕು 55 ಮಿಲಿಮೀಟರು ಕೆಳಗಿಳಿಯುವುದು. ಅದರ ಒಟ್ಟು ಓಟ 130 ಮಿಲಿಮೀಟರು. ಸವಾರರು ಕುಳಿತಾಗಲೇ 40 ಹೋಗಿರುವುದು. ಆದುದರಿಂದ ತಿರುವಿನಲ್ಲಿ ಎದುರಾಗುವ ಗುಂಡಿಗೆಂದು ಉಳಿಯುವುದು 35 ಮಾತ್ರ. ಇನ್ನು ವರ್ಷಗಳು ಕಳೆದು ಸ್ಪ್ರಿಂಗು ತನ್ನ ಸಹಜವಾದ ಉದ್ದದಲ್ಲಿ 20 ಮಿಲಿಮೀಟರು ಕುಂದಿದ್ದರೆ (ಹಳೆಯ ಸ್ಪ್ರಿಂಗುಗಳ ಬಿಗುಪು ಅಷ್ಟಾಗಿ ಕೆಡುವುದಿಲ್ಲ, ಉದ್ದವೇ ಕುಂದುವುದು) ಉಳಿಯುವುದು 15. ಇಲ್ಲಿ ಯಾವ ನಂಬರಿನ ಎಣ್ಣೆಯನ್ನು ತುಂಬಿದರೂ ಆ 15 ಎಂಬುದು 16 ಆಗಲಾರದು. ದಪ್ಪನೆಯ ಎಣ್ಣೆಯಿಂದ ಕುಸಿತವು ತಡವಾಗಿ ಬರುವುದೇ ಹೊರತು ಕಡಿಮೆಯಾಗುವುದಿಲ್ಲ. ಘಟ್ಟದಲ್ಲಿ ಬ್ರೇಕಿನ ಮೇಲೆ ಬಹುಕಾಲ ಇಳಿಯುವವನಿಗೆ ಆ ತಡದಿಂದ ಲಾಭವೂ ಇಲ್ಲ.

ಹಿಂಬದಿಯಲ್ಲಿ ಹಾಲಿನ ಕ್ಯಾನು ಕಟ್ಟುವವರೂ ಮೂಟೆ ಹೇರುವವರೂ ಆ ಕಾರಣದಿಂದಲೇ ಫೋರ್ಕಿಗೆ ದಪ್ಪ ಎಣ್ಣೆಯನ್ನು ಹಾಕಿಸುವುದು ಕಾಣಬರುತ್ತದೆ. ಅವರು ಹೇರಿದ ಭಾರವು ಹಿಂಗಾಲಿಯ ಅಚ್ಚಿನ ನೆತ್ತಿಯ ಮೇಲೆಯೇ ಬಹುಮಟ್ಟಿಗೆ ಕುಳಿತಿರುವುದಾದುದರಿಂದ ಸಮನೆಲದಲ್ಲಿ ಮುಂದಿನ ಫೋರ್ಕಿಗೆ ಅದರ ಸುಳಿವೇ ಹತ್ತುವುದಿಲ್ಲ. ಬ್ರೇಕು ಹಿಡಿದಾಗ ಮಾತ್ರ ಹತ್ತುವುದು. ಆಗ ಬೇಕಾದುದು ತಕ್ಕ ಸ್ಪ್ರಿಂಗು.

ಹಾಗಾದರೆ ಎಣ್ಣೆಯ ಸ್ನಿಗ್ಧತೆಯ ಅಧಿಕಾರವೆಷ್ಟು? ದ್ರವವು ಕಿರಿದಾದ ದಾರಿಯಲ್ಲಿ ಹರಿಯುವುದಕ್ಕೆ ಎರಡು ನಿಯಮಗಳುಂಟು. ಉದ್ದವಾದ ಇಕ್ಕಟ್ಟಿನಲ್ಲಿ ಮೆಲ್ಲಗೆ ಹರಿಯುವಾಗ ತಡೆಯು ಸ್ನಿಗ್ಧತೆಗೂ ವೇಗಕ್ಕೂ ಅನುಪಾತದಲ್ಲಿರುವುದು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ವೈದ್ಯನಾದ ಪ್ವಾಸೈ ಎಂಬವನು ನೆತ್ತರಿನ ಹರಿವನ್ನು ತಿಳಿಯಲೆಂದು ಕೂದಲಿನಂಥ ಕೊಳವೆಗಳಲ್ಲಿ ಪ್ರಯೋಗ ನಡೆಸಿ ಇದನ್ನು ಸ್ಥಾಪಿಸಿದನು. ತೂತೊಂದರಲ್ಲಿ ರಭಸದಿಂದ ಚಿಮ್ಮುವಾಗಲಾದರೋ ತಡೆಯು ವೇಗದ ವರ್ಗವನ್ನನುಸರಿಸುವುದು, ಮತ್ತು ಅಲ್ಲಿ ಲೆಕ್ಕಕ್ಕೆ ಬರುವುದು ದ್ರವದ ಸಾಂದ್ರತೆ. ಸ್ನಿಗ್ಧತೆಗೆ ಅಲ್ಲಿ ಹೆಚ್ಚಿನ ಮಾತಿಲ್ಲ. ಫೋರ್ಕಿನಲ್ಲಿ ಈ ಎರಡೂ ನಡೆಯುವುವು. ತಿರುವಿನಲ್ಲಿ ಗಾಡಿ ಮೆಲ್ಲಗೆ ವಾಲುವಾಗ, ಬ್ರೇಕು ಬಿಟ್ಟಾಗ ಮುಂದುಗಡೆ ಏಳುವಾಗ, ಎಣ್ಣೆಯು ಸಂದುಗಳಲ್ಲಿ ನಿಧಾನವಾಗಿ ಹರಿಯುವುದರಿಂದ ಎಣ್ಣೆಯನ್ನು ಬದಲಿಸಿದ್ದು ಕೈಗೆ ಒಡನೆ ತಿಳಿಯುವುದು. ಚೂಪಾದ ಗುಂಡಿಗೆ ಗಾಲಿ ಬಿದ್ದಾಗಲಾದರೆ ತೂತಿನ ಅಳತೆಯೇ ಒಡೆಯನು. ಎಣ್ಣೆ ಬದಲಿಸಿದ ಮೇಲೂ ಗುಂಡಿಯ ಹೊಡೆತ ಹಾಗೆಯೇ ಉಳಿಯಿತೆಂದು ಸವಾರನು ಮೆಕ್ಯಾನಿಕನ ಮೇಲೆ ಮುನಿಯುವುದು ಈ ಕಾರಣದಿಂದ. ಪಾಪ, ಅದರಲ್ಲಿ ಅವನ ತಪ್ಪೇನೂ ಇಲ್ಲ.

ಡಬ್ಬಿಯ ಮೇಲಣ ಅಂಕೆಯ ವಿಷಯದಲ್ಲಿ ಭ್ರಾಂತಿಯು ಇನ್ನೂ ಹೆಚ್ಚು. 5 ಡಬ್ಲ್ಯು, 10 ಡಬ್ಲ್ಯು, 15 ಡಬ್ಲ್ಯು ಎಂದು ಬರೆದಿರುವಲ್ಲಿ ಡಬ್ಲ್ಯು ಎಂಬುದನ್ನು ತೂಕವೆಂದು ತಿಳಿಯುವವರೇ ಬಹಳ. ಅದು ಚಳಿಗಾಲವನ್ನು ಸೂಚಿಸುವ ಇಂಗ್ಲಿಷು ಪದದ ಮೊದಲಕ್ಷರ. ಅಮೆರಿಕೆಯ ಮೋಟಾರು ಎಂಜಿನಿಯರುಗಳ ಸಂಘವು ಎಂಜಿನ್ನಿನ ಎಣ್ಣೆಗಳಿಗೆಂದು ಮಾಡಿದ ಈ ವರ್ಗೀಕರಣದಲ್ಲಿ, ಕೊರೆಯುವ ಚಳಿಯಲ್ಲಿ ಎಂಜಿನ್ನು ತಿರುಗುವುದೋ ಇಲ್ಲವೋ ಎಂಬುದೇ ಮುಖ್ಯವಾದ ಪರೀಕ್ಷೆ. ನೂರು ಡಿಗ್ರಿ ಸೆಂಟಿಗ್ರೇಡಿನಲ್ಲಿ 5 ಡಬ್ಲ್ಯು ಎಣ್ಣೆಗೆ ಇರಲೇಬೇಕಾದ ಕನಿಷ್ಠ ಸ್ನಿಗ್ಧತೆ 3.8 ಸೆಂಟಿಸ್ಟೋಕ್, 10 ಡಬ್ಲ್ಯು ಎಣ್ಣೆಗೆ 4.1. ಇವೆರಡರ ಅಂತರ ಎಷ್ಟು ಅಲ್ಪವೆಂಬುದನ್ನು ವಾಚಕರೇ ನೋಡಬಹುದು. (ಇಪ್ಪತ್ತು ಡಿಗ್ರಿಯ ನೀರಿನ ಸ್ನಿಗ್ಧತೆ ಹೆಚ್ಚುಕಡಿಮೆ ಒಂದು ಸೆಂಟಿಸ್ಟೋಕ್.) ಫೋರ್ಕಾದರೋ ಕೊರೆಯುವ ಹಿಮದಲ್ಲಿಯೂ ಕೆಲಸ ಮಾಡುವುದಿಲ್ಲ, ಕುದಿಯುವ ನೀರಿನ ಬಿಸಿಗೂ ಏರುವುದಿಲ್ಲ. ಹೀಗಿರಲು ಫೋರ್ಕಿನ ಎಣ್ಣೆಯನ್ನು ಮಾಡುವವರು ಆ ಅಂಕೆಗಳನ್ನು ತಮತಮಗೆ ತೋರಿದಂತೆ ಹಚ್ಚಿಕೊಂಡಿರುವುದು ಆಶ್ಚರ್ಯವಲ್ಲ. ಹೆಸರಾದ ತಯಾರಕರು ತಾವೇ ಪ್ರಕಟಿಸಿರುವ ಅಳತೆಗಳನ್ನು ಹೋಲಿಸಿದರೆ, ನಾಲ್ವತ್ತು ಡಿಗ್ರಿಯಲ್ಲಿ 5 ಡಬ್ಲ್ಯು ಎಂಬ ಹೆಸರಿನ ಎಣ್ಣೆಗಳು ಸುಮಾರು 15ರಿಂದ 27 ಸೆಂಟಿಸ್ಟೋಕಿನವರೆಗೂ, 10 ಡಬ್ಲ್ಯು ಎಂಬವು ಸುಮಾರು 33ರಿಂದ 47ರವರೆಗೂ ಹರಡಿರುವುದು ಕಂಡುಬರುತ್ತದೆ. ಒಬ್ಬನ ಐದಕ್ಕೂ ಇನ್ನೊಬ್ಬನ ಐದಕ್ಕೂ ಇರುವ ಅಂತರವು ಒಬ್ಬನ ಐದಕ್ಕೂ ಇನ್ನೊಬ್ಬನ ಹತ್ತಕ್ಕೂ ಇರುವ ಅಂತರಕ್ಕಿಂತ ದೊಡ್ಡದಾಗಿರಬಹುದು. ಆದುದರಿಂದ ಕೇಳತಕ್ಕ ಪ್ರಶ್ನೆ “ಎಷ್ಟನೆಯ ನಂಬರು” ಎಂಬುದಲ್ಲ. “ನಾಲ್ವತ್ತು ಡಿಗ್ರಿಯಲ್ಲಿ ಎಷ್ಟು ಸೆಂಟಿಸ್ಟೋಕ್” ಎಂಬುದು. ಈ ಅಳತೆಯು ಡಬ್ಬಿಯ ಮೇಲೆ ಇಲ್ಲದಿದ್ದರೂ ತಯಾರಕರ ವಿವರಪತ್ರದಲ್ಲಿ ಇರುವುದು. ಯಂತ್ರಗಳ ಎಣ್ಣೆಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಏರ್ಪಡಿಸಿರುವ 15, 22, 32, 46, 68 ಎಂಬ ದರ್ಜೆಗಳು ನೇರವಾಗಿ ಈ ಅಳತೆಯನ್ನೇ ಹೇಳುವುವು, ನೂರಕ್ಕೆ ಹತ್ತರಷ್ಟು ಹೆಚ್ಚುಕಡಿಮೆಯೊಡನೆ.

ಉಷ್ಣತೆಯ ಪ್ರಭಾವವನ್ನು ಈ ಸೀಮೆಯಲ್ಲಿ ವಿಶೇಷವಾಗಿ ಗಣಿಸಬೇಕು. ನಾಲ್ವತ್ತು ಡಿಗ್ರಿಯಲ್ಲಿ 32 ಸೆಂಟಿಸ್ಟೋಕಿರುವ ಸಾಧಾರಣ ಖನಿಜತೈಲವು ಮೂವತ್ತು ಡಿಗ್ರಿಯಲ್ಲಿ ಸುಮಾರು 50, ಇಪ್ಪತ್ತರಲ್ಲಿ ಸುಮಾರು 85, ಹದಿನೈದರಲ್ಲಿ 115ನ್ನು ಮುಟ್ಟುವುದು. ಪುಷ್ಯಮಾಸದ ನಸುಕಿನಲ್ಲಿ ಜೋಯಿಡಾದ ಮನೆಯಂಗಳದಿಂದ ಹೊರಡುವ ಗಾಡಿಗೂ, ಅದೇ ಗಾಡಿ ಚೈತ್ರದ ಮಧ್ಯಾಹ್ನ ಹಳಿಯಾಳದ ಪೇಟೆಯಲ್ಲಿ ನಿಂತಾಗಿನದಕ್ಕೂ ಎಣ್ಣೆಯು ಮೂರು ನಾಲ್ಕು ಪಟ್ಟು ಬೇರೆಯಾಗಿರುವುದು. ಡಬ್ಬಿಯ ಒಂದು ದರ್ಜೆಯಿಂದ ಇನ್ನೊಂದಕ್ಕೆ ಹೋಗುವಾಗ ಸಿಕ್ಕುವ ವ್ಯತ್ಯಾಸ ಇದರ ಮುಂದೆ ಸಣ್ಣದು. ಬಿಸಿಯಲ್ಲಿಯೂ ಚಳಿಯಲ್ಲಿಯೂ ತನ್ನ ಗುಣವನ್ನು ಕಾಯ್ದುಕೊಳ್ಳುವ ಶಕ್ತಿಯನ್ನು ಅಳೆಯುವುದಕ್ಕೆ 1929ರಿಂದ ಸ್ನಿಗ್ಧತಾಸೂಚಿಯೆಂಬ ಅಂಕವು ಬಳಕೆಯಲ್ಲಿದೆ. ಸಾಧಾರಣ ಖನಿಜತೈಲಕ್ಕೆ ಅದು ನೂರರ ಆಸುಪಾಸಿನಲ್ಲಿರುವುದು. ಫೋರ್ಕಿಗೆಂದೇ ಮಾಡಿದ ಒಳ್ಳೆಯ ಎಣ್ಣೆಗಳಲ್ಲಿ ನೂರೈವತ್ತನ್ನೂ ಮೀರುವುದುಂಟು. ದರ್ಜೆಯ ಅಂಕೆಗಾಗಿ ತಲೆ ಕೆಡಿಸಿಕೊಳ್ಳುವುದಕ್ಕಿಂತ ಈ ಸೂಚಿಗೆ ನಾಲ್ಕು ಕಾಸು ಹೆಚ್ಚು ಕೊಡುವುದು ಈ ಸೀಮೆಯವರಿಗೆ ಲಾಭಕರ.

ಇನ್ನು ದಪ್ಪ ಎಣ್ಣೆಯ ಅಪಾಯ. ಫೋರ್ಕಿನ ಹಿಗ್ಗುವಿಕೆಯು ಅತಿಯಾಗಿ ತಡವಾದರೆ, ಮೊದಲ ಗುಂಡಿಯಲ್ಲಿ ಕುಗ್ಗಿದ ಸ್ಪ್ರಿಂಗು ಪೂರ್ತಿ ಚಾಚುವಷ್ಟರಲ್ಲಿ ಎರಡನೆಯ ಗುಂಡಿ ಬಂದಿರುವುದು. ಅದು ಚಾಚುವಷ್ಟರಲ್ಲಿ ಮೂರನೆಯದು. ಹೀಗೆ ಹೆಜ್ಜೆಹೆಜ್ಜೆಗೆ ಫೋರ್ಕು ಕೆಳಗಿಳಿಯುತ್ತ ಹೋಗಿ, ಕೊನೆಗೆ ಸ್ಪ್ರಿಂಗೇ ಇಲ್ಲದ ಕಬ್ಬಿಣದ ಕೋಲಿನಂತಾಗುವುದು. ಗಾಲಿಯು ತಗ್ಗಿಗಿಳಿದು ನೆಲವನ್ನು ಮುಟ್ಟುವ ಬದಲು ಉಬ್ಬಿನಿಂದುಬ್ಬಿಗೆ ಹಾರುವುದು; ನೆಲ ಬಿಟ್ಟ ಗಾಲಿಗೆ ಬ್ರೇಕೂ ಇಲ್ಲ, ತಿರುವೂ ಇಲ್ಲ. ಜಲ್ಲಿ ಎದ್ದ ಕಾಡುದಾರಿಯಲ್ಲಿಯೂ, ಕಟ್ಟಿಗೆಯ ಲಾರಿಗಳೂ ಕಬ್ಬಿನ ಟ್ರ್ಯಾಕ್ಟರುಗಳೂ ಅಲೆಯಲೆಯಾಗಿಸಿದ ಡಾಂಬರಿನಲ್ಲಿಯೂ, ಮಳೆಯಲ್ಲಿ ನೆನೆದ ಕೆಮ್ಮಣ್ಣಿನಲ್ಲಿಯೂ ಇದು ಕೆಟ್ಟ ಪರಿಣಾಮವನ್ನು ಕೊಡುವುದು. ಅಂದಮೇಲೆ “ರಸ್ತೆ ಕೆಟ್ಟಿದೆ, ಆದ್ದರಿಂದ ದಪ್ಪನೆಯದು” ಎಂಬ ಮಾತನ್ನು ಇಂಥ ದಾರಿಗಳ ಮಟ್ಟಿಗೆ ತಿರುಗಿಸಿಯೇ ಹೇಳಬೇಕಾಗಿದೆ: ಸಾಲುಸಾಲಾದ ಸಣ್ಣ ಗುಂಡಿಗಳ ರಸ್ತೆಗೆ ಎಣ್ಣೆಯು ತೆಳುವಾಗಿರುವುದೇ ಮೇಲು. ಗಾಡಿಯನ್ನು ಮಾಡಿದವರು ಹೇಳಿದ ಸ್ನಿಗ್ಧತೆಯನ್ನು ಜೋಯಿಡಾದ ಸವಾರನು ದಾಟಿ ಹೋಗಬಾರದು. ಹಳಿಯಾಳದಿಂದ ಧಾರವಾಡಕ್ಕೋ ಮುಂಡಗೋಡದಿಂದ ಹುಬ್ಬಳ್ಳಿಗೋ ಹೆದ್ದಾರಿಯ ವೇಗದಲ್ಲಿ ಓಡಾಡುವವನಿಗೆ, ಉಬ್ಬುತಗ್ಗುಗಳು ಉದ್ದವಾಗಿದ್ದು ಗಾಡಿ ಮುಂದುಗಡೆ ತೂಗಾಡುವುದಾದರೆ, ಸ್ಪ್ರಿಂಗು ಸರಿಯಾಗಿದ್ದರೆ, ಒಂದು ಮೆಟ್ಟಿಲು ದಪ್ಪನೆಯದು ಒಪ್ಪೀತು. ಎರಡು ಮೆಟ್ಟಿಲು ಬೇಡ. ನಡುವಣ ಸ್ನಿಗ್ಧತೆ ಬೇಕೆಂದರೆ ಒಬ್ಬನೇ ತಯಾರಕನ ಎರಡು ದರ್ಜೆಗಳನ್ನು ಬೆರೆಸಬಹುದು.

ಅನುಕ್ರಮವನ್ನು ಹೀಗಿಟ್ಟುಕೊಳ್ಳುವುದು ಕ್ಷೇಮ. ಮೊದಲು ಸ್ಪ್ರಿಂಗು. ಒಳಗೊಳವೆಗೆ ಒಂದು ದಾರವನ್ನು ಬಿಗಿಯಾಗಿ ಸುತ್ತಿ, ಸವಾರನು ಮೆಲ್ಲಗೆ ಕುಳಿತು ಇಳಿದ ಮೇಲೆ ಅದು ಎಷ್ಟು ಸರಿಯಿತೆಂದು ಅಳೆದರೆ, ಒಟ್ಟು ಓಟದ ನಾಲ್ಕನೆಯ ಒಂದರಿಂದ ಮೂರನೆಯ ಒಂದರೊಳಗೆ ಬರಬೇಕು. ಹೆಚ್ಚು ಬಂದರೆ ಸ್ಪ್ರಿಂಗನ್ನು ತೆಗೆಯಿಸಿ ಅದರ ಉದ್ದವನ್ನು ಕೈಪಿಡಿಯ ಅಳತೆಯೊಡನೆ ಹೋಲಿಸತಕ್ಕದ್ದು. ಆಮೇಲೆ ಎಣ್ಣೆಯ ಮಟ್ಟ. ಇದನ್ನು ಬಹಳ ಮಂದಿ ಮರೆಯುವರು. ಎಣ್ಣೆಯ ಮೇಲೆ ಉಳಿದ ಗಾಳಿಯೂ ಒಂದು ಸ್ಪ್ರಿಂಗೇ. ಫೋರ್ಕು ಚಾಚಿದಾಗ ಗಾಳಿಯ ಕಂಬ 160 ಮಿಲಿಮೀಟರಿದ್ದು, 110 ಕುಗ್ಗಿದಾಗ 50ಕ್ಕೆ ಇಳಿದರೆ, ಸ್ಥೂಲವಾಗಿ ಒತ್ತಡವು ಮೂರು ಪಟ್ಟು ಏರುವುದು. ಅದೇ ಎಣ್ಣೆಯ ಮಟ್ಟವನ್ನು 20 ಮಿಲಿಮೀಟರು ಹೆಚ್ಚಿಸಿದರೆ ಕಂಬವು 140ರಿಂದ 30ಕ್ಕೆ ಇಳಿದು ಒತ್ತಡವು ನಾಲ್ಕೂವರೆ ಪಟ್ಟನ್ನು ಮೀರುವುದು. ಓಟದ ಮೊದಲರ್ಧದಲ್ಲಿ ಈ ಭೇದವು ತಿಳಿಯುವುದೇ ಇಲ್ಲ. ತಳ ಮುಟ್ಟುವ ಹೊತ್ತಿಗೆ ಚೆನ್ನಾಗಿ ತಿಳಿಯುವುದು. ಅಣಶಿಯಲ್ಲಿ ಗಾಡಿಯು ತಳಕ್ಕೆ ಬಡಿಯುತ್ತಿದ್ದರೆ, ಸ್ಪ್ರಿಂಗಿನ ಪರೀಕ್ಷೆಯಾದ ಮೇಲೆ, ಸ್ನಿಗ್ಧತೆಯನ್ನು ಮುಟ್ಟುವ ಮೊದಲು ಐದೋ ಹತ್ತೋ ಮಿಲಿಮೀಟರು ಮಟ್ಟವನ್ನೇರಿಸಿ ನೋಡುವುದು ಯುಕ್ತ. ಅದಕ್ಕಿಂತ ಹೆಚ್ಚಾದರೆ ಒತ್ತಡ ತಾಳದೆ ಆಯಿಲ್ ಸೀಲು ಸೋರತೊಡಗುವುದು. ಮಟ್ಟವನ್ನು ಅಳೆಯುವುದು ಸ್ಪ್ರಿಂಗು ತೆಗೆದು, ಕೊಳವೆಯನ್ನು ಪೂರ್ತಿ ಕೆಳಕ್ಕೊತ್ತಿ, ನೆಟ್ಟಗೆ ನಿಲ್ಲಿಸಿ, ಮೇಲಂಚಿನಿಂದ ಎಣ್ಣೆಯವರೆಗೆ. ಎರಡು ಕಾಲುಗಳಲ್ಲಿಯೂ ಸಮವಾಗಿ. ಇವೆರಡೂ ಸರಿಯಾದ ಮೇಲೆಯೇ ಸ್ನಿಗ್ಧತೆಯ ಸರದಿ. ಮುಂದಿನ ಬ್ರೇಕನ್ನು ಹಿಡಿದು ಹಿಡಿಯನ್ನು ಬಲವಾಗಿ ಒತ್ತಿ ಬಿಟ್ಟರೆ ಗಾಡಿಯು ಒಂದೇ ಸಲ ಎದ್ದು ನಿಲ್ಲಬೇಕು. ಎದ್ದು ಮತ್ತೆ ಕುಣಿದರೆ ಎಣ್ಣೆ ತೆಳು, ಸೋಮಾರಿಯಂತೆ ಏಳುವುದಾದರೆ ದಪ್ಪ. ಈ ಪರೀಕ್ಷೆಯನ್ನು ನಸುಕಿನ ಚಳಿಯಲ್ಲಿ ಮಾಡದೆ, ಹತ್ತಿಪ್ಪತ್ತು ಮೈಲಿ ಓಡಿಸಿ ಬಂದ ಮೇಲೆ ಮಾಡತಕ್ಕದ್ದು.

ಎಂಜಿನ್ನಿನ ಎಣ್ಣೆಯನ್ನೇ, ಅದರಲ್ಲಿಯೂ ಒಮ್ಮೆ ಬಳಸಿ ತೆಗೆದದ್ದನ್ನು, ಫೋರ್ಕಿಗೆ ಸುರಿಯುವ ವಾಡಿಕೆಯು ಅಲ್ಲಲ್ಲಿ ಉಂಟು. 20 ಡಬ್ಲ್ಯು 40 ಎಂಬ ಎಂಜಿನ್ ಎಣ್ಣೆಯು ನಾಲ್ವತ್ತು ಡಿಗ್ರಿಯಲ್ಲಿ ನೂರು ಸೆಂಟಿಸ್ಟೋಕನ್ನು ಮೀರಿರುವುದು. ಎಂದರೆ ಫೋರ್ಕಿನ 10 ಡಬ್ಲ್ಯು ಎಣ್ಣೆಯ ಎರಡರಿಂದ ಮೂರು ಪಟ್ಟು. ಮೇಲಾಗಿ ಅದರಲ್ಲಿ ಕೊಳೆ ಬಿಡಿಸುವ ದ್ರವ್ಯಗಳಿರುವುದರಿಂದ, ನಿಮಿಷಕ್ಕೆ ನೂರಾರು ಸಲ ಕಲಕುವ ಫೋರ್ಕಿನಲ್ಲಿ ನೊರೆಯೇಳುವ ಸಂಭವವುಂಟು; ತೂತಿನಲ್ಲಿ ನೊರೆ ನುಗ್ಗಿದರೆ ತಡೆಯೇ ಇಲ್ಲದಂತಾಗುವುದು. ಗೇರುಪೆಟ್ಟಿಗೆಯ ತೈಲಗಳೆಲ್ಲವೂ ಹೀಗೆಯೇ ಎನ್ನಲಾಗದು: 1970ರ ದಶಕದ ಕೆಲವು ಜಪಾನಿ ಗಾಡಿಗಳ ಕೈಪಿಡಿಗಳು ಕಾರುಗಳ ಸ್ವಯಂಚಾಲಿತ ಗೇರುಪೆಟ್ಟಿಗೆಯ ತೆಳುವಾದ ಕೆಂಪು ತೈಲವನ್ನೇ ಫೋರ್ಕಿಗೆ ವಿಧಿಸಿದ್ದವು.

ಈಚಿನ ದುಬಾರಿ ಗಾಡಿಗಳಲ್ಲಿ ತೂತಿನ ಸರಳಿಗೆ ಬದಲಾಗಿ ತೆಳು ಉಕ್ಕಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿದ ಕಾರ್ಟ್ರಿಜ್ ಇರುವುದು. ಬಿಲ್ಲೆಗಳು ಬಾಗುವ ಲೆಕ್ಕವನ್ನು ತೆಳು ಎಣ್ಣೆಗೆಂದೇ ಹಾಕಿರುವುದರಿಂದ ಅಲ್ಲಿ ಮೇಲೆ ಹೇಳಿದ ಒಂದು ಮೆಟ್ಟಿಲಿನ ಸ್ವಾತಂತ್ರ್ಯವೂ ಇಲ್ಲ.

ಮಳೆಗಾಲ ಮುಗಿದ ಮೇಲೆ ಒಮ್ಮೆ ಎಣ್ಣೆಯನ್ನು ಇಳಿಸಿ ನೋಡುವುದು ಈ ಸೀಮೆಯಲ್ಲಿ ಅಗತ್ಯ. ಕೆಸರು ಒಳಗೊಳವೆಯ ಮೇಲೆ ಒಣಗಿ ಸೀಲಿನ ತುಟಿಯನ್ನು ಗೀರುವುದು. ಆ ಗೀರಿನಲ್ಲಿ ಎಣ್ಣೆ ಹೊರಕ್ಕೆ ಬರುವಂತೆಯೇ ನೀರು ಒಳಕ್ಕೂ ಹೋಗುವುದು. ಇಳಿಸಿದ ಎಣ್ಣೆ ಹಾಲು ಬೆರೆಸಿದ ಚಹದಂತೆ ಕಂಡರೆ ನೀರು ಸೇರಿದೆಯೆಂದೂ, ಬೂದುಬಣ್ಣದಲ್ಲಿ ಮಿನುಗಿದರೆ ಬುಷ್ ಸವೆದು ಲೋಹದ ಪುಡಿ ಬೆರೆತಿದೆಯೆಂದೂ ತಿಳಿಯಬೇಕು. ಹಳೆಯ ಗಾಡಿಗಳ ಫೋರ್ಕಿಗೆ ತೊಡಿಸುತ್ತಿದ್ದ ಸುಕ್ಕುಸುಕ್ಕಾದ ರಬ್ಬರಿನ ಕುಪ್ಪಸವು ಅಂದಕ್ಕೆ ಸಲ್ಲದೆಂದು ಹೊಸ ಗಾಡಿಗಳಲ್ಲಿ ಅನೇಕವು ಅದನ್ನು ಬಿಟ್ಟಿವೆ. ಜೋಯಿಡಾದ ಕೆಸರಿನಲ್ಲಿ ಓಡುವವರು ಅದನ್ನು ಕೊಂಡು ತೊಡಿಸಿದರೆ ಸೀಲೂ ಎಣ್ಣೆಯೂ ಬಹುಕಾಲ ಬಾಳುವುವು.